ಆನೆಯನ್ನು ಮುಟ್ಟಿದವರು

ಅಂಧಗಜನ್ಯಾಯವೆಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಕುರುಡರ ಗುಂಪೊಂದು ಆನೆಯನ್ನು ನೋಡಲು ಹೋಯಿತು. ಕಾಲನ್ನು ತಡವಿದವನು ಆನೆ ಕಂಬದ ಹಾಗಿದೆ ಎಂದ. ಕಿವಿಯನ್ನು ಮುಟ್ಟಿದವನು ಮೊರದ ಹಾಗಿದೆ ಎಂದ. ಬಾಲ ಸಿಕ್ಕಿದವನು ಪೊರಕೆಯ ಹಾಗಿದೆ ಎಂದ. ಮಾತಿಗೆ ಮಾತು ಬೆಳೆದು ಜಗಳವಾಯಿತು. ಅರೆತಿಳಿವಳಿಕೆಯವರನ್ನು ಹಳಿಯಬೇಕಾದಾಗಲೆಲ್ಲ ನಮ್ಮ ಭಾಷಣಕಾರರು ಈ ಕಥೆಯನ್ನು ಹೇಳುವುದುಂಟು. ಸಭಿಕರು ನಗುವುದೂ ಉಂಟು.

ಆದರೆ ಈ ಕಥೆಯ ಹಳೆಯ ರೂಪಗಳಲ್ಲೊಂದನ್ನು, ಪಾಲಿ ಭಾಷೆಯ ‘ಉದಾನ’ವೆಂಬ ಬೌದ್ಧಗ್ರಂಥದಲ್ಲಿ ಬರುವುದನ್ನು ಓದಿದರೆ ನಗು ಸ್ವಲ್ಪ ತಡೆಯುತ್ತದೆ. ಅಲ್ಲಿ ಶ್ರಾವಸ್ತಿಯ ಅರಸನೊಬ್ಬ ಊರಿನ ಹುಟ್ಟುಗುರುಡರನ್ನೆಲ್ಲ ಒಂದೆಡೆ ಸೇರಿಸಿ, ಅವರಿಗೆ ಆನೆಯನ್ನು ತೋರಿಸುವಂತೆ ಸೇವಕನಿಗೆ ಅಪ್ಪಣೆ ಕೊಡುತ್ತಾನೆ. ಸೇವಕನು ಕೆಲವರಿಗೆ ತಲೆಯನ್ನಷ್ಟೇ ಮುಟ್ಟಿಸುತ್ತಾನೆ, ಕೆಲವರಿಗೆ ಕಿವಿಯನ್ನಷ್ಟೇ, ಮತ್ತೆ ಕೆಲವರಿಗೆ ದಂತವನ್ನಷ್ಟೇ. ಮುಟ್ಟಿಸಿದಾಗಲೆಲ್ಲ ಆನೆಯೆಂದರೆ ಇದೇ ಎಂದು ಹೇಳುತ್ತಾನೆ. ಅವರು ಗುದ್ದಾಡಿಕೊಂಡಾಗ ಅರಸನು ನೋಡಿ ಸಂತೋಷಪಡುತ್ತಾನೆ. ಹಾಗಾದರೆ ತಪ್ಪು ಯಾರದು? ಇಡೀ ಆನೆಯನ್ನು ಸೊಂಡಿಲಿನಿಂದ ಬಾಲದವರೆಗೆ ತಡವಿ ನೋಡಲು ಅವರಿಗೆ ಯಾರೂ ಬಿಡಲಿಲ್ಲ. ತಪ್ಪು ಬೆರಳುಗಳದ್ದಲ್ಲ, ತೋರಿಸಿದವನದು.

ಈ ತಪ್ಪನ್ನು ತಿದ್ದಲು ಹೊರಟ ಒಂದು ಪ್ರಯತ್ನ ೧೯೦೬ರಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್ಲೆಂಡ್ ಎಂಬ ಊರಿನಲ್ಲಿ ನಡೆಯಿತು. ಅರಸರ ಅಪ್ಪಣೆಯಿಂದಲ್ಲ, ನಗರಸಭೆಯ ವಸ್ತುಸಂಗ್ರಹಾಲಯದ ಕ್ಯುರೇಟರ್ ಒಬ್ಬರ ಆಹ್ವಾನದಿಂದ. ಊರಿನ ಇತಿಹಾಸದ ಭಂಡಾರಗಳು ಅಂಗವಿಕಲರಿಗೂ ತೆರೆದಿರಬೇಕು, ಅದಕ್ಕೆ ಕಲೆಯ ಕಮ್ಮಟಗಳು ದಾರಿಯಾಗಬೇಕು ಎಂಬ ಮಾತು ಈಗ ಹಲವು ದೇಶಗಳಲ್ಲಿ ಕೇಳಿಬರುತ್ತಿದೆ. ಅದು ಹೊಸ ಮಾತೆಂದು ತಿಳಿದವರು ಸಂಡರ್ಲೆಂಡಿನ ಆ ಸಂಗತಿಯನ್ನೊಮ್ಮೆ ನೆನೆಯುವುದು ಒಳ್ಳೆಯದು.

ಮುಟ್ಟಬಾರದೆಂಬ ಕಟ್ಟಳೆ

ವಸ್ತುಸಂಗ್ರಹಾಲಯಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ವಸ್ತುವಲ್ಲ, ‘ಮುಟ್ಟಬೇಡಿ’ ಎಂಬ ಫಲಕ. ಈ ಕಟ್ಟಳೆ ಸಂಗ್ರಹಾಲಯದೊಡನೆಯೇ ಹುಟ್ಟಿದ್ದೆಂದು ನಾವು ಭಾವಿಸುತ್ತೇವೆ. ಸಂಗತಿ ಹಾಗಿಲ್ಲ. ಆಕ್ಸ್‌ಫರ್ಡಿನ ಅಶ್ಮೋಲಿಯನ್ ಸಂಗ್ರಹಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು ೧೬೮೩ರಲ್ಲಿ. ಬಂದವರು ಅಲ್ಲಿನ ವಿಚಿತ್ರ ವಸ್ತುಗಳನ್ನು ಕೈಗೆತ್ತಿಕೊಂಡು, ತಿರುಗಿಸಿ, ತೂಕ ನೋಡುತ್ತಿದ್ದರು. ಆ ಶತಮಾನದ ಕೊನೆಯಲ್ಲಿ ಅಲ್ಲಿಗೆ ಹೋದ ಸೀಲಿಯಾ ಫೀನ್ಸ್ ಎಂಬ ಪ್ರವಾಸಿ ಮಹಿಳೆ, ನೋಟಕ್ಕೆ ಭಾರವಾಗಿ ಕಂಡ ಬೆತ್ತವೊಂದು ಕೈಗೆತ್ತಿಕೊಂಡಾಗ ಹಗುರವಾಗಿದ್ದುದನ್ನು ಬರೆದಿಟ್ಟಿದ್ದಾಳೆ. ಕಣ್ಣು ಹೇಳಿದ ಸುಳ್ಳನ್ನು ಕೈ ತಿದ್ದಿತು. ೧೭೧೦ರಲ್ಲಿ ಬಂದ ಉಫೆನ್‌ಬಾಖ್ ಎಂಬ ಜರ್ಮನ್ ಪಂಡಿತನಿಗೆ ಮಾತ್ರ ಇದು ಹಿಡಿಸಲಿಲ್ಲ. ಕಂಡಕಂಡವರು, ಅದರಲ್ಲೂ ಹೆಂಗಸರು, ಸಿಕ್ಕಿದ್ದನ್ನೆಲ್ಲ ಕೈಯಾಡಿಸುತ್ತಾರೆಂದು ಅವನು ಗೊಣಗಿದ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪಂಡಿತನ ಗೊಣಗಾಟವೇ ಗೆದ್ದಿತು. ಸಂಗ್ರಹಾಲಯಗಳಿಗೆ ಸಾವಿರಗಟ್ಟಲೆ ಜನ ಬರತೊಡಗಿದರು. ಅಷ್ಟು ಕೈಗಳ ಬೆವರನ್ನು ತಾಳುವ ವಸ್ತು ಯಾವುದೂ ಇರಲಿಲ್ಲ. ಗಾಜಿನ ಕಪಾಟುಗಳು ಬಂದವು, ಹಗ್ಗದ ಬೇಲಿಗಳು ಬಂದವು. ಕಾರಣ ನ್ಯಾಯವಾದದ್ದೇ. ಆದರೆ ಕಣ್ಣಿದ್ದವರಿಗೆ ಗಾಜು ಬರಿಯ ಗಾಜು; ಕಣ್ಣಿಲ್ಲದವರಿಗೆ ಅದು ಗೋಡೆ. ಎಲ್ಲರಿಗಾಗಿ ತೆರೆದ ಬಾಗಿಲು ಕೆಲವರ ಪಾಲಿಗೆ ಮುಚ್ಚಿಕೊಂಡದ್ದನ್ನು ಆಗ ಗಮನಿಸಿದವರು ಕಡಮೆ.

ದುಡಿಯುವ ಕೈ, ಓದುವ ಕೈ

ಅಂಧರ ಕೈಗಳಿಗೆ ಯುರೋಪಿನ ಸಮಾಜ ಯಾವ ಯಾವ ಕೆಲಸ ಕೊಟ್ಟಿತು ಎಂಬುದೇ ಒಂದು ಇತಿಹಾಸ. ೧೭೭೧ರಲ್ಲಿ ಪ್ಯಾರಿಸಿನ ಸಂತ ಒವೀದನ ಜಾತ್ರೆಯಲ್ಲಿ ಕುರುಡರ ಗುಂಪೊಂದಕ್ಕೆ ಕೋಡಂಗಿ ಟೋಪಿ ತೊಡಿಸಿ, ದೊಡ್ಡ ಕನ್ನಡಕಗಳನ್ನು ಹಾಕಿ, ಕೈಗೆ ವಾದ್ಯ ಕೊಟ್ಟು ಕುಳ್ಳಿರಿಸಿದ್ದರು. ಜನ ಕಾಸು ಕೊಟ್ಟು ನೋಡಿ ನಕ್ಕರು. ಶ್ರಾವಸ್ತಿಯ ಅರಸನ ಸಂತೋಷವೇ ಅಲ್ಲಿಯೂ ನಡೆದಿತ್ತು. ಅದನ್ನು ಕಂಡು ನಗಲಾರದೆ ಹೋದ ವಾಲಂತೆ ಆವುಯಿ ಎಂಬಾತನು ೧೭೮೫ರ ಹೊತ್ತಿಗೆ ಪ್ಯಾರಿಸಿನಲ್ಲಿ ಅಂಧ ಮಕ್ಕಳ ಶಾಲೆಯನ್ನು ನಡೆಸತೊಡಗಿದ್ದ. ದಪ್ಪ ಕಾಗದದ ಮೇಲೆ ಉಬ್ಬಿದ ಅಕ್ಷರಗಳನ್ನು ಒತ್ತಿ ಬೆರಳಿನಿಂದ ಓದಿಸುವುದು ಅವನ ಉಪಾಯ.

ಇಂಗ್ಲೆಂಡಿನಲ್ಲಿ ಇಂಥ ಮೊದಲ ಶಾಲೆ ೧೭೯೧ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿತು. ಅದರ ಹಿಂದೆ ನಿಂತವರಲ್ಲಿ ಮುಖ್ಯನಾದ ಎಡ್ವರ್ಡ್ ರಶ್ಟನ್ ತಾನೇ ಅಂಧ. ಬಾಲ್ಯದಲ್ಲೇ ಹಡಗಿನ ಕೆಲಸಕ್ಕೆ ಸೇರಿದ ಆತನು ಆಫ್ರಿಕದ ಗುಲಾಮರನ್ನು ಸಾಗಿಸುವ ಹಡಗಿನಲ್ಲಿದ್ದಾಗ ಕೆಳಗಿನ ಕತ್ತಲೆಯ ಉಗ್ರಾಣದಲ್ಲಿ ಕೂಡಿಹಾಕಿದ್ದ ಬಂದಿಗಳಿಗೆ ಕಣ್ಣುಬೇನೆ ಹಬ್ಬಿತು. ಹತ್ತಿರ ಹೋಗಲು ಇತರರು ಅಂಜಿದರು. ಈ ತರುಣನು ಅವರಿಗೆ ನೀರು ಆಹಾರ ಒಯ್ದುಕೊಟ್ಟ; ಬೇನೆ ಅಂಟಿ ದೃಷ್ಟಿ ಕಳೆದುಕೊಂಡ. ಮುಂದೆ ಪುಸ್ತಕದ ಅಂಗಡಿ ಇಟ್ಟು, ಕವಿಯಾಗಿ, ಗುಲಾಮಗಿರಿಯ ಕಡುವಿರೋಧಿಯಾಗಿ ಬಾಳಿದ. ಗುಲಾಮರನ್ನು ಇಟ್ಟುಕೊಂಡಿದ್ದಾನೆಂದು ಜಾರ್ಜ್ ವಾಷಿಂಗ್ಟನ್ನನಿಗೇ ಆಕ್ಷೇಪದ ಕಾಗದ ಬರೆದ ಧೀರ ಆತ. ೧೮೦೭ರಲ್ಲಿ ಶಸ್ತ್ರಚಿಕಿತ್ಸೆಯಿಂದ ಒಂದು ಕಣ್ಣಿಗೆ ಮತ್ತೆ ಬೆಳಕು ಬಂತು.

ಲಿವರ್‌ಪೂಲಿನ ಶಾಲೆಯಲ್ಲಿ ಕಲಿಸುತ್ತಿದ್ದುದು ಮುಖ್ಯವಾಗಿ ಕೈಕಸಬು: ಬುಟ್ಟಿ ಹೆಣೆಯುವುದು, ನೇಯುವುದು, ಅದರೊಂದಿಗೆ ಸಂಗೀತ. ಭಿಕ್ಷೆ ಬೇಡುವ ಕೈ ದುಡಿಯುವ ಕೈಯಾಗಲಿ ಎಂಬುದು ಉದ್ದೇಶ. ದೊಡ್ಡ ಹೆಜ್ಜೆಯೇ ಅದು. ಆದರೂ ಕೈಯಿಂದ ಜಗತ್ತನ್ನು ಅರಿಯಬಹುದು ಎಂಬ ಯೋಚನೆಗೆ ಅಲ್ಲಿ ಹೆಚ್ಚು ಎಡೆಯಿರಲಿಲ್ಲ.

ಓದುವ ಕೈಯನ್ನು ಕೊಟ್ಟವನು ಅದೇ ಪ್ಯಾರಿಸ್ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್. ಆವುಯಿಯ ಉಬ್ಬಕ್ಷರಗಳು ಕಣ್ಣಿದ್ದವರ ಲಿಪಿಯ ಉಬ್ಬಿದ ನೆರಳು. ಓದಲು ನಿಧಾನ, ಬರೆಯಲಂತೂ ಅಸಾಧ್ಯ. ಬಾರ್ಬಿಯೆ ಎಂಬಾತನು ಯೋಚಿಸಿದ್ದ ಚುಕ್ಕೆಗಳ ಬರವಣಿಗೆಯನ್ನು ಕೈಗೆತ್ತಿಕೊಂಡು ಹದಿನೈದರ ಆ ಹುಡುಗ ಆರೇ ಚುಕ್ಕೆಗಳಿಗೆ ಇಳಿಸಿದ. ೧೮೨೯ರಲ್ಲಿ ಅದು ಅಚ್ಚಾಯಿತು. ಕಣ್ಣಿದ್ದ ಅಧ್ಯಾಪಕರು ಅದನ್ನು ಬೇಗ ಒಪ್ಪಲಿಲ್ಲ. ಶಾಲೆ ಅಧಿಕೃತವಾಗಿ ಸ್ವೀಕರಿಸಿದ್ದು ೧೮೫೪ರಲ್ಲಿ, ಬ್ರೈಲ್ ತೀರಿಕೊಂಡ ಎರಡು ವರ್ಷದ ಮೇಲೆ. ಇತರರು ನಮಗಾಗಿ ಮಾಡಿಕೊಟ್ಟದ್ದಕ್ಕೂ ನಾವೇ ನಮಗಾಗಿ ಮಾಡಿಕೊಂಡದ್ದಕ್ಕೂ ಇರುವ ಅಂತರ ಈ ಎರಡು ಲಿಪಿಗಳ ನಡುವೆ ಇದೆ.

ಸಂಡರ್ಲೆಂಡಿನ ಮಕ್ಕಳು

ಸಂಡರ್ಲೆಂಡ್ ವಿಯರ್ ನದಿ ಸಮುದ್ರ ಸೇರುವಲ್ಲಿರುವ ಊರು. ಕಲ್ಲಿದ್ದಲಿಗೂ ಹಡಗು ಕಟ್ಟುವುದಕ್ಕೂ ಹೆಸರಾಗಿದ್ದ ದುಡಿಮೆಗಾರರ ಪಟ್ಟಣ. ವಿದ್ಯುದ್ದೀಪವನ್ನು ರೂಪಿಸಿದವರಲ್ಲಿ ಒಬ್ಬನಾದ ಜೋಸೆಫ್ ಸ್ವಾನ್ ಹುಟ್ಟಿದ್ದು ಇಲ್ಲಿಯೇ. ನಗರಸಭೆಯ ಹಣದಿಂದ ನಡೆಯುವ ಸಂಗ್ರಹಾಲಯ ಲಂಡನ್ನಿನ ಹೊರಗೆ ಮೊದಲು ಸ್ಥಾಪನೆಯಾದದ್ದೂ ಇಲ್ಲಿ, ೧೮೪೬ರಲ್ಲಿ. ಅದಕ್ಕೆ ಹೊಸ ಕಟ್ಟಡವೆದ್ದಾಗ, ೧೮೭೭ರ ಶಂಕುಸ್ಥಾಪನೆಗೆ ಅಮೆರಿಕದ ಮಾಜಿ ಅಧ್ಯಕ್ಷ ಜನರಲ್ ಗ್ರಾಂಟ್ ಬಂದಿದ್ದರು. ೧೮೭೯ರಲ್ಲಿ ಕಟ್ಟಡ ತೆರೆಯಿತು. ಅದೇ ವರ್ಷ ಅಲ್ಲಿಗೆ ವ್ಯಾಲೇಸ್ ಎಂಬ ಸಿಂಹವೂ ಬಂದು ಸೇರಿತು; ಪ್ರದರ್ಶನದ ಮೃಗವಾಗಿ ಊರೂರು ಸುತ್ತಿದ್ದು, ಸತ್ತ ಮೇಲೆ ಚರ್ಮ ತುಂಬಿಸಿ ನಿಲ್ಲಿಸಿದ ಸಿಂಹ. ಮುಂದಿನ ದಶಕದಲ್ಲಿ ಸೈಬೀರಿಯದಿಂದ ತಂದ ವಾಲ್ರಸ್ ಎಂಬ ಕಡಲ ಪ್ರಾಣಿಯ ಅವಶೇಷವೂ ಬಂತು. ಊರಿನ ಮಕ್ಕಳಿಗೆಲ್ಲ ಇವು ಅಚ್ಚುಮೆಚ್ಚು.

ಊರಿನಲ್ಲಿ ನಗರಸಭೆಯದೇ ಒಂದು ಅಂಧರ ಶಾಲೆಯೂ ಇತ್ತು. ಅಂಧ ಹಾಗೂ ಕಿವುಡ ಮಕ್ಕಳಿಗೆ ವಿದ್ಯೆಯನ್ನು ಕಡ್ಡಾಯ ಮಾಡಿದ ಕಾನೂನು ಇಂಗ್ಲೆಂಡಿನಲ್ಲಿ ೧೮೯೩ರಲ್ಲಿ ಬಂದಿತ್ತು. ಒಂದೇ ನಗರಸಭೆಯ ಎರಡು ಸಂಸ್ಥೆಗಳು. ಒಂದರಲ್ಲಿ ವಸ್ತುಗಳು, ಇನ್ನೊಂದರಲ್ಲಿ ಆ ವಸ್ತುಗಳ ಹೆಸರನ್ನಷ್ಟೇ ಬಾಯಿಪಾಠ ಮಾಡುವ ಮಕ್ಕಳು. ಇವೆರಡರ ನಡುವಿನ ದಾರಿಯನ್ನು ತೆರೆದವರು ಜಾನ್ ಆಲ್ಫ್ರೆಡ್ ಚಾರ್ಲ್‌ಟನ್ ಡೀಸ್, ಸಂಗ್ರಹಾಲಯದ ಕ್ಯುರೇಟರ್. ೧೯೦೬ರಲ್ಲಿ ಅವರು ಶಾಲೆಯ ಮಕ್ಕಳನ್ನು ಕರೆಸಿ, ಸಂಗ್ರಹದ ಕೆಲವು ವಸ್ತುಗಳನ್ನು ಕೈಯಿಂದ ಮುಟ್ಟಿ ನೋಡಲು ಬಿಟ್ಟರು. ಆಹ್ವಾನವನ್ನು ಶಾಲೆ ಅತ್ಯಾತುರದಿಂದ ಒಪ್ಪಿಕೊಂಡಿತು. ಫಲ ಚೆನ್ನಾಗಿ ಬಂದುದರಿಂದ ಅದನ್ನು ಕ್ರಮಬದ್ಧವಾದ ಪಾಠಗಳ ಸರಣಿಯಾಗಿ ಬೆಳೆಸಿದರು. ದೊಡ್ಡ ವಯಸ್ಸಿನ ಅಂಧರನ್ನೂ ಕರೆದರು. ೧೯೧೩ರಲ್ಲಿ ತಮ್ಮ ಅನುಭವವನ್ನು ಸಂಗ್ರಹಾಲಯಗಳ ವೃತ್ತಿಪತ್ರಿಕೆಯಲ್ಲಿ ಬರೆದರು. ಅಂಧರಿಗೆ ಬೆರಳೇ ಕಣ್ಣು ಎಂಬುದು ಅವರ ನಿಲವು.

ಅಲ್ಲಿ ತುಂಬಿಟ್ಟ ಮೃಗಗಳಿದ್ದವು, ಪಕ್ಷಿಗಳಿದ್ದವು, ಎಲುಬುಗೂಡು ಇತ್ತು, ಆಯುಧಗಳಿದ್ದವು. ಇವುಗಳಲ್ಲಿ ಏನು ವಿಶೇಷ ಎಂದು ಕಣ್ಣಿದ್ದವರಿಗೆ ಅನ್ನಿಸಬಹುದು. ಒಂದು ಗುಬ್ಬಿಯನ್ನೇ ತೆಗೆದುಕೊಳ್ಳಿ. ಹುಟ್ಟುಗುರುಡ ಮಗು ಅದರ ಚಿಲಿಪಿಲಿಯನ್ನು ಬೆಳಗಾದರೆ ಕೇಳುತ್ತದೆ. ಆದರೆ ಗುಬ್ಬಿ ಕೈಗೆ ಸಿಕ್ಕೀತೆ? ರೆಕ್ಕೆ ಎಲ್ಲಿ ಅಂಟಿದೆ, ಕಾಲು ಎಷ್ಟು ಸಣ್ಣದು, ಕೊಕ್ಕಿನ ತುದಿ ಎಷ್ಟು ಚೂಪು, ಇದನ್ನೆಲ್ಲ ಯಾರು ಹೇಳಿದರೂ ಮಾತಾಗಿಯೇ ಉಳಿಯುತ್ತದೆ. ಸಿಂಹದ ಮಾತಂತೂ ದೂರವೇ ಉಳಿಯಿತು. ಜೀವಂತ ಲೋಕ ಕೈಗೆ ಸಿಗದೆ ಓಡಿಹೋಗುವಾಗ, ಓಡದೆ ನಿಂತ ಲೋಕವೊಂದು ಗಾಜಿನ ಹಿಂದೆ ಇತ್ತು. ಡೀಸ್ ಮಾಡಿದ್ದಿಷ್ಟೇ: ಗಾಜನ್ನು ಸರಿಸಿದರು.

ಮಣ್ಣಿನ ಪಾಠ

ಆದರೆ ಈ ಪ್ರಯೋಗದ ತಿರುಳು ಮುಟ್ಟುವುದರಲ್ಲಿ ಮುಗಿಯಲಿಲ್ಲ. ಮುಟ್ಟಿ ನೋಡಿದ ಮೇಲೆ ಮಕ್ಕಳು ಅದನ್ನು ನೆನಪಿನಿಂದ ಜೇಡಿಮಣ್ಣಿನಲ್ಲಿ ಮಾಡುತ್ತಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಕಲಾಕಮ್ಮಟ. ‘ಕಮ್ಮಟ’ವೆಂದರೆ ಹಿಂದೆ ನಾಣ್ಯ ಟಂಕಿಸುವ ಮನೆ, ಈ ಮಕ್ಕಳ ಬೆರಳಿನ ನೆನಪು ಟಂಕಗೊಂಡದ್ದು ಮಣ್ಣಿನಲ್ಲಿ.

ಇದೇಕೆ ಬೇಕಾಯಿತು? ಕಣ್ಣಿಗೂ ಕೈಗೂ ಅರಿಯುವ ಕ್ರಮವೇ ಬೇರೆ. ಕಣ್ಣು ಮೊದಲು ಇಡಿಯನ್ನು ಕಂಡು ಆಮೇಲೆ ಬಿಡಿಗೆ ಇಳಿಯುತ್ತದೆ. ಕೈ ಬಿಡಿಬಿಡಿಯಾಗಿ ಮುಟ್ಟಿ, ಒಂದನ್ನು ನೆನಪಿನಲ್ಲಿಟ್ಟುಕೊಂಡು ಇನ್ನೊಂದಕ್ಕೆ ಸರಿದು, ಕೊನೆಗೆ ಇಡಿಯನ್ನು ತಾನೇ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡದ್ದು ಸರಿಯೋ ತಪ್ಪೋ ಎಂದು ನೋಡುವ ಬಗೆ ಯಾವುದು? ‘ತಿಳಿಯಿತೇ?’ ಎಂದು ಕೇಳಿದರೆ ಯಾವ ಮಗುವೂ ‘ತಿಳಿಯಿತು’ ಎಂದೇ ಹೇಳುತ್ತದೆ. ಮಣ್ಣು ಹಾಗೆ ದಾಕ್ಷಿಣ್ಯ ಮಾಡುವುದಿಲ್ಲ. ಕಾಲು ಬಾಲಕ್ಕಿಂತ ಗಿಡ್ಡವಾದರೆ, ಕೊರಳು ಇರಬೇಕಾದಲ್ಲಿ ಇಲ್ಲದಿದ್ದರೆ, ಅದು ಅಲ್ಲಿಯೇ ಕಾಣಿಸುತ್ತದೆ. ಮಗುವಿನ ಬೆರಳಿಗೂ ಗೊತ್ತಾಗುತ್ತದೆ. ಮತ್ತೆ ಮುಟ್ಟಿ, ಮತ್ತೆ ತಿದ್ದಬಹುದು. ಅಂಧಗಜದ ಕಥೆಯಲ್ಲಿ ಇಲ್ಲದೆ ಹೋದದ್ದು ಈ ಎರಡನೆಯ ಅವಕಾಶ. ಆನೆ ಕಂಬದ ಹಾಗಿದೆ ಎಂದವನಿಗೆ ಒಂದು ಮುದ್ದೆ ಮಣ್ಣು ಕೊಟ್ಟು, ಪಕ್ಕದವನ ಮೊರವನ್ನೂ ಅದಕ್ಕೆ ಸೇರಿಸಲು ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಗೆ ಇಲ್ಲಿ ಹೊಸ ಅರ್ಥವೇ ಬರುತ್ತದೆ.

ಇನ್ನೂ ಒಂದು ಮಾತುಂಟು. ಮುಟ್ಟುವಾಗ ಮಗು ಪಡೆಯುವವನು, ಮಾಡುವಾಗ ಕೊಡುವವನು. ಅದುವರೆಗೆ ಅಂಧರಿಗೆ ಏನು ಕೊಡಬೇಕೆಂದು ಸಮಾಜ ಯೋಚಿಸುತ್ತಿತ್ತೇ ವಿನಾ ಅವರಿಂದ ಏನು ಪಡೆಯಬಹುದೆಂದು ಯೋಚಿಸಿರಲಿಲ್ಲ. ಮಣ್ಣಿನ ಆ ಸಣ್ಣ ಮೃಗಗಳು ಬೆರಳಿಗೆ ಜಗತ್ತು ಹೇಗೆ ಕಾಣುತ್ತದೆಂದು ಕಣ್ಣಿದ್ದವರಿಗೆ ಕಲಿಸುವ ಪಾಠಗಳು.

ಹೊರಗೂ ಇಂಥ ಯೋಚನೆಗಳು ಬೆಳೆಯುತ್ತಿದ್ದವು. ನ್ಯೂಯಾರ್ಕಿನ ಪ್ರಕೃತಿವಿಜ್ಞಾನ ಸಂಗ್ರಹಾಲಯಕ್ಕೆ ೧೯೧೦ರಲ್ಲಿ ಜೋನಾಥನ್ ಥಾರ್ನ್ ಹೆಸರಿನ ದತ್ತಿಯೊಂದು ಬಂತು. ಅಂಧ ಮಕ್ಕಳಿಗೆ ಅಲ್ಲಿನ ವಸ್ತುಗಳನ್ನು ಪರಿಚಯಿಸುವುದಕ್ಕಾಗಿಯೇ ಮೀಸಲಾದ ಹಣ.

ಚಿತ್ರವುಂಟು, ಹೆಸರಿಲ್ಲ

ಸಂಡರ್ಲೆಂಡಿನ ಪಾಠಗಳ ಛಾಯಾಚಿತ್ರಗಳು ಉಳಿದಿವೆ. ಟೈನ್ ಮತ್ತು ವಿಯರ್ ನದಿಗಳ ಸೀಮೆಯ ಪತ್ರಾಗಾರ ಅವನ್ನು ಕಾಪಾಡಿಕೊಂಡು ಬಂದಿದೆ. ಈ ಶತಮಾನದಲ್ಲಿ ಜಗತ್ತಿನ ಯಾವ ಮೂಲೆಯವರಾದರೂ ನೋಡಲೆಂದು ಅಂತರ್ಜಾಲದಲ್ಲಿ ಹರಡಿಟ್ಟಿದೆ. ಒಪ್ಪವಾದ ಉಡುಪಿನ ಮಕ್ಕಳು ಮೃಗದ ಸುತ್ತ ನಿಂತಿದ್ದಾರೆ. ಕೈಗಳು ತುಪ್ಪಟದ ಮೇಲಿವೆ, ಮುಖಗಳು ಬೇರೆಲ್ಲೋ ತಿರುಗಿವೆ. ಆ ಮುಖಗಳಲ್ಲಿರುವ ಏಕಾಗ್ರತೆಯನ್ನು ನೋಡಿದವರು ಬೇಗ ಮರೆಯಲಾರರು.

ನೋಡಿದವರು ಎಂದೆ. ಇಡೀ ಸಂಗತಿಯ ತೊಡಕು ಈ ಒಂದು ಪದದಲ್ಲಿದೆ. ಈ ಮಕ್ಕಳ ಬಾಳಿನ ಒಂದು ದೊಡ್ಡ ದಿನವನ್ನು ಪತ್ರಾಗಾರ ಯಾವ ರೂಪದಲ್ಲಿ ಕಾಪಾಡಿದೆಯೋ ಅದೇ ರೂಪವನ್ನು ಆ ಮಕ್ಕಳು ಎಂದೂ ಓದುವಂತಿರಲಿಲ್ಲ. ಛಾಯಾಚಿತ್ರ ನುಣುಪಾದ ಕಾಗದ. ಬೆರಳಿಗೆ ಅದು ಏನನ್ನೂ ಹೇಳದು. ಅಡಿಬರಹಗಳಲ್ಲಿ ಇರುವುದು ಅಂಧ ಮಕ್ಕಳೆಂಬ ಗುಂಪಿನ ಹೆಸರು. ಕ್ಯುರೇಟರರ ಹೆಸರು ನಮಗೆ ಗೊತ್ತು, ಸಿಂಹದ ಹೆಸರೂ ಗೊತ್ತು. ಮಗುವಿನ ಹೆಸರು ಗೊತ್ತಿಲ್ಲ. ಹಸಿಮಣ್ಣು ನೂರು ವರ್ಷ ಬಾಳುವ ವಸ್ತುವಲ್ಲ, ಕಾಗದ ಬಾಳುತ್ತದೆ. ಮಕ್ಕಳು ಮಾಡಿದ್ದಕ್ಕಿಂತ ಮಕ್ಕಳನ್ನು ಕುರಿತು ಇತರರು ಮಾಡಿದ್ದೇ ಉಳಿಯುವುದು ಹೀಗೆ.

ಡೀಸರನ್ನು ದೂರಲು ಈ ಮಾತು ಹೇಳಿದ್ದಲ್ಲ. ಅವರ ಕಾಲಕ್ಕೆ ಅವರು ನಡೆದದ್ದು ಬಹು ದೂರ. ಅದೇ ೧೯೧೩ರಲ್ಲಿ ಬ್ರಿಸ್ಟಲ್ ನಗರದಲ್ಲಿ ಅಂಗವಿಕಲರ ಸಂಘವೊಂದಕ್ಕೆಂದೇ ಕಟ್ಟಿದ ಕಟ್ಟಡವೊಂದು ತೆರೆಯಿತು. ಒಳ್ಳೆಯ ಮನಸ್ಸಿನವರು ಕಟ್ಟಿಸಿದ್ದೇ. ಆದರೆ ಆ ಸಂಘಕ್ಕೆ ಇದ್ದ ಹೆಸರಿನ ಅರ್ಥ ‘ಧೀರ ಬಡಪಾಯಿಗಳ ಕೂಟ’ ಎಂದು! ಆ ಕಾಲದ ದಯೆಗೆ ಇಷ್ಟೇ ಎತ್ತರದ ಚಾವಣಿ ಇತ್ತು.

ಕಾಗದವನ್ನು ಮುಟ್ಟುವ ಬಗೆ

ಸಂಗ್ರಹಾಲಯದ ವಸ್ತುವನ್ನಾದರೂ ಮುಟ್ಟಬಹುದು. ಪತ್ರಾಗಾರದ ಕಡತವನ್ನು ಏನು ಮಾಡುವುದು? ಅಲ್ಲಿರುವುದು ಲೆಕ್ಕದ ಪುಸ್ತಕ, ದಾಖಲಾತಿ ವಹಿ, ಪತ್ರ, ನಕ್ಷೆ. ಮುಟ್ಟಿದರೆ ಎಲ್ಲವೂ ಕಾಗದವೇ. ಆದರೂ ಊರೊಂದರ ನೆನಪು ಇರುವುದು ಅಲ್ಲಿ. ಅಂಗವಿಕಲರ ಹಿಂದಿನ ಬಾಳು ಅಡಗಿರುವುದೂ ಅಲ್ಲಿಯೇ. ಹಳೆಯ ಅಂಧರ ಶಾಲೆಯ ವಹಿಯೆಂದರೆ ಮಗುವಿನ ಹೆಸರು, ವಯಸ್ಸು, ದೃಷ್ಟಿ ಹೋದ ಕಾರಣ, ಶಿಫಾರಸು ಮಾಡಿದ ದೊಡ್ಡವರು, ಕಲಿತ ಕಸಬು. ಮುಂದೆ ಮಾರಾಟವಾದ ಬುಟ್ಟಿಗಳ ಲೆಕ್ಕ. ಬರೆದವನು ಗುಮಾಸ್ತ, ಬರೆಸಿದವನು ವ್ಯವಸ್ಥಾಪಕ. ಬುಟ್ಟಿ ಹೆಣೆದವನು ಏನೆಂದುಕೊಂಡ ಎಂಬ ಕಲಮು ಆ ವಹಿಯಲ್ಲಿ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ೨೦೧೬ರ ಸುಮಾರಿಗೆ ‘ಹಿಸ್ಟರಿ ಆಫ್ ಪ್ಲೇಸ್’ ಎಂಬ ಯೋಜನೆ ಈ ಕೆಲಸಕ್ಕೆ ಕೈಹಾಕಿತು. ಎಂಟು ಹಳೆಯ ತಾಣಗಳನ್ನು ಆರಿಸಿಕೊಂಡು, ಎಂಟುನೂರು ವರ್ಷಗಳಲ್ಲಿ ಕಿವುಡರು, ಅಂಧರು, ಇತರ ಅಂಗವಿಕಲರು ಆ ಕಟ್ಟಡಗಳಲ್ಲಿ ಬಾಳಿದ ಬಗೆಯನ್ನು ದಾಖಲೆಗಳಿಂದ ಹೊರತೆಗೆಯುವುದು ಅದರ ಗುರಿ. ರಶ್ಟನ್ನನ ಲಿವರ್‌ಪೂಲ್ ಶಾಲೆಯೂ ಬ್ರಿಸ್ಟಲಿನ ಆ ಸಂಘದ ಕಟ್ಟಡವೂ ಆ ಎಂಟರಲ್ಲಿ ಸೇರಿದ್ದವು. ಪಂಡಿತರು ಬರೆದು ಮುಗಿಸುವ ಕೆಲಸವಾಗಿ ಅದನ್ನು ಇಟ್ಟುಕೊಳ್ಳಲಿಲ್ಲ. ಇಂದಿನ ಅಂಗವಿಕಲ ಯುವಕ ಯುವತಿಯರನ್ನು ಕಮ್ಮಟಗಳಿಗೆ ಕರೆದು, ದಾಖಲೆಗಳಲ್ಲಿದ್ದುದನ್ನು ಅವರಿಗೆ ದಕ್ಕುವ ರೂಪದಲ್ಲಿ ಕೊಟ್ಟು, ಅವರಿಂದ ಚಲನಚಿತ್ರ, ಆಟ ಮುಂತಾದ ಹೊಸ ಕೃತಿಗಳನ್ನು ಮಾಡಿಸಿದರು. ೨೦೧೮ರಲ್ಲಿ ಲಿವರ್‌ಪೂಲ್ ಮತ್ತು ಬ್ರಿಸ್ಟಲ್ ನಗರಗಳ ಸಂಗ್ರಹಾಲಯಗಳಲ್ಲಿ ಇದರ ಪ್ರದರ್ಶನಗಳು ನಡೆದವು. ಗುಮಾಸ್ತನ ವಹಿಯಲ್ಲಿ ಇಲ್ಲದ ಕಲಮನ್ನು ಇನ್ನೂರು ವರ್ಷದ ಮೇಲೆ ಅಂಥವರೇ ಬಂದು ತುಂಬಿದ ಹಾಗಾಯಿತು.

ಇದು ಮಕ್ಕಳಾಟವಲ್ಲವೇ, ದಾಖಲೆಗೂ ಬಣ್ಣದ ಕಾಗದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಬುಟ್ಟಿಗಳ ಲೆಕ್ಕವನ್ನು ಯಾರೋ ಓದುತ್ತಿರುವಾಗ ಬೆತ್ತವನ್ನು ಕೈಯಲ್ಲಿ ಹಿಡಿದು ಒಂದು ಬುಟ್ಟಿಯನ್ನು ಹೆಣೆದು ನೋಡಿ. ನೆನೆಸಿದ ಬೆತ್ತದ ವಾಸನೆ, ಬೆರಳಿನ ಉರಿ, ಒಂದು ಸುತ್ತಿಗೆ ಹಿಡಿಯುವ ಹೊತ್ತು ಇವೆಲ್ಲ ತಿಳಿದ ಮೇಲೆ ‘ಬುಟ್ಟಿ ಹನ್ನೆರಡು’ ಎಂಬ ಸಾಲಿನ ಅರ್ಥವೇ ಬೇರೆ. ಕಣ್ಣಿದ್ದ ಇತಿಹಾಸಕಾರರಿಗೂ ಆ ಸಾಲಿನ ಭಾರ ಹಾಗೆಯೇ ತಿಳಿದೀತು. ಶಾಲೆಯ ಕಟ್ಟಡದ ನಕ್ಷೆಯನ್ನು ರಟ್ಟಿನಲ್ಲಿ ಉಬ್ಬಿಸಿ ಮಾಡಿದರೆ ಮಲಗುವ ಕೋಣೆಗೂ ಕೆಲಸದ ಕೋಣೆಗೂ ಎಷ್ಟು ದೂರವಿತ್ತೆಂದು ಬೆರಳು ಅಳೆಯುತ್ತದೆ. ಚರ್ಮಪತ್ರಕ್ಕೆ ಚರ್ಮದ ಒರಟಿದೆ; ಅರಗಿನ ಮುದ್ರೆಗೆ ಉಬ್ಬುತಗ್ಗಿದೆ. ಕಾಗದವೆಲ್ಲ 'ಬರಿಯ ಕಾಗದ' ಎಂಬುದು ಅದನ್ನು ಕಣ್ಣಿನಿಂದ ಮಾತ್ರ ಓದಿದವರ ಮಾತು.

ಆದರೆ ಒಂದು ಎಚ್ಚರಿಕೆ ಅಗತ್ಯ. ಕಮ್ಮಟವು ಬಾಗಿಲಾಗಬೇಕೇ ಹೊರತು ಬಾಗಿಲಿನ ಬದಲಾಗಬಾರದು. ಒಂದು ಮಧ್ಯಾಹ್ನ ಮಣ್ಣು ಕೊಟ್ಟು ಕಳಿಸಿ, ಮರುದಿನ ಅದೇ ಮನುಷ್ಯ ಗಾಲಿಕುರ್ಚಿಯಲ್ಲಿ ಬಂದಾಗ ಮೆಟ್ಟಿಲುಗಳನ್ನು ತೋರಿಸಿದರೆ, ಅಂಧ ವಿದ್ಯಾರ್ಥಿ ಕಡತ ಕೇಳಿದಾಗ ಓದಿ ಹೇಳುವವರಿಲ್ಲ ಎಂದರೆ, ಅದು ಅರಸನ ಸೇವಕ ಆನೆಯ ಕಿವಿಯನ್ನಷ್ಟೇ ತೋರಿಸಿದ ಹಾಗೆ. ದಾಖಲೆಗಳ ಪಟ್ಟಿ ಬ್ರೈಲ್‌ನಲ್ಲಿ ಇರಬೇಕು, ಧ್ವನಿಯಲ್ಲಿ ಇರಬೇಕು, ಕಿವುಡರಿಗೆ ಸಂಜ್ಞಾಭಾಷೆ ಬಲ್ಲವರಿರಬೇಕು, ಕಟ್ಟಡಕ್ಕೆ ಇಳಿಜಾರಿರಬೇಕು. ಇವು ಇದ್ದಾಗಲೇ ಕಮ್ಮಟಕ್ಕೆ ಬೆಲೆ. ಕೊನೆಯದಾಗಿ, ಕಮ್ಮಟದಲ್ಲಿ ಹುಟ್ಟಿದ್ದನ್ನು ಕಸದ ಬುಟ್ಟಿಗೆ ಹಾಕದೆ, ಮಾಡಿದವರು ಒಪ್ಪಿದರೆ ಅವರ ಹೆಸರಿನೊಡನೆ ಪತ್ರಾಗಾರದಲ್ಲಿಯೇ ಇಡಬೇಕು. ಸಂಡರ್ಲೆಂಡಿನ ಮಕ್ಕಳಿಗೆ ದೊರೆಯದೆ ಹೋದದ್ದು ಇದೊಂದೇ.

ನಮ್ಮ ಕಲ್ಲುಗಳು

ಇನ್ನು ನಮ್ಮ ಮನೆಯ ಮಾತು. ಸಂಡರ್ಲೆಂಡಿನ ಆ ಪಾಠಗಳಿಗೆ ಐದು ವರ್ಷ ಮೊದಲೇ, ೧೯೦೧ರಲ್ಲಿ, ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಹಾಗೂ ಅಂಧ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ ಒಪ್ಪಿತವಾದದ್ದು ೧೯೫೧ರಲ್ಲಿ. ಕನ್ನಡವನ್ನು ಬೆರಳಿನಿಂದ ಓದುವವರು ಓದುವುದು ಅದರಲ್ಲಿಯೇ.

ಡೀಸರು ಗಾಜು ಸರಿಸಿದ ೧೯೦೬ರಲ್ಲಿಯೇ ಮೈಸೂರಿನ ಪುರಾತತ್ತ್ವ ಇಲಾಖೆಯ ಹೊಣೆ ಬಿ. ಎಲ್. ರೈಸರಿಂದ ಆರ್. ನರಸಿಂಹಾಚಾರ್ಯರಿಗೆ ಬಂತು. ರೈಸರು ಹನ್ನೆರಡು ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಪ್ರಕಟಿಸಿಯಾಗಿತ್ತು. ಅವುಗಳ ಪಡಿಯಚ್ಚು ತೆಗೆಯುವ ಕ್ರಮವನ್ನು ನೆನೆಯಿರಿ: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿ ತಟ್ಟುವುದು. ಮಸಿ ಕಣ್ಣಿಗಾಗಿ, ಗುಳಿಗೆ ಇಳಿದ ಕಾಗದ ಮಾತ್ರ ಬೆರಳಿಗೂ ತಿಳಿಯುವಂಥದ್ದು. ಯುರೋಪಿನ ಪತ್ರಾಗಾರ ಕಾಗದದ್ದು. ನಮ್ಮ ಹಳ್ಳಿಹಳ್ಳಿಯ ಪತ್ರಾಗಾರ ಕಲ್ಲಿನದು. ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಬಯಲಿನಲ್ಲಿ ನಿಂತ ಆ ಬರಹ ಕೊರೆದ ಬರಹ. ಊರಿನ ದಾಖಲೆ ಮುಟ್ಟಲು ಸಿಗುವುದು ನಮಗೆ ಹುಟ್ಟಿನಿಂದ ಬಂದ ಸೌಕರ್ಯ. ಅದನ್ನು ನಾವು ಬಳಸಿಕೊಂಡದ್ದು ಕಡಮೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ೨೦೨೧ರಿಂದ ಈಚೆಗೆ ಊರ ಸುತ್ತಿನ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಯಂತ್ರದಿಂದ ತೆಗೆಯುವ ಕೆಲಸ ನಡೆದಿದೆ. ಅಂಥ ಪ್ರತಿಯಿಂದ ಉಬ್ಬುತಗ್ಗಿನ ಅಚ್ಚನ್ನು ಮಾಡಿಸಿದರೆ ಮೂಲದ ಕಲ್ಲಿಗೆ ನೋವಿಲ್ಲ, ಬೆರಳಿಗೆ ತಡೆಯಿಲ್ಲ.

ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯವು ೨೦೧೫ರಲ್ಲಿ ಮುಟ್ಟಿ ನೋಡುವ ಪ್ರತಿಕೃತಿಗಳ ‘ಅನುಭವ’ ಎಂಬ ವಿಭಾಗವನ್ನು ತೆರೆಯಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸಂಸ್ಕೃತಿಯನ್ನು ಕುರಿತ ಕಲಮೊಂದುಂಟು. ಅಂಗವಿಕಲರ ಚಾರಿತ್ರಿಕ ಅನುಭವಗಳನ್ನು ದಾಖಲಿಸಿ ವಿವರಿಸುವ ಇತಿಹಾಸ ಸಂಗ್ರಹಾಲಯವೊಂದು ಸ್ಥಾಪನೆಯಾಗಬೇಕೆಂದೂ ಕಲೆ ಅಂಗವಿಕಲರಿಗೆ ಎಟುಕುವಂತಾಗಬೇಕೆಂದೂ ಅದು ಹೇಳುತ್ತದೆ. ಕಾನೂನಿನ ಪುಸ್ತಕದಲ್ಲಿರುವ ಆ ಸಾಲು ಊರೂರಿನ ಪತ್ರಾಗಾರಗಳಿಗೂ ಶಾಲೆಗಳಿಗೂ ಇಳಿದು ಬರಬೇಕಾಗಿದೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿ, ಎಲ್ಲ ಪಟ್ಟಿಕೆಗಳಿಗೂ ಕೆಳಗೆ, ಆನೆಗಳ ಸಾಲು ನಡೆದಿದೆ. ರಾಮಾಯಣ ಮಹಾಭಾರತಗಳ ಕಥೆಗಳು ಮೇಲೆಲ್ಲೋ ಕಣ್ಣಿನ ಎತ್ತರಕ್ಕಿವೆ. ಆನೆಗಳು ಮಾತ್ರ ಮಗುವಿನ ಕೈಗೆ ಎಟುಕುವಂತಿವೆ. ಕಾಪಾಡಬೇಕಾದ ಕಲ್ಲು ಅದು. ಎಲ್ಲರ ಕೈಯೂ ತಾಗುವಂತಿಲ್ಲ, ನಿಜ. ಆದರೆ ಅದರ ಒಂದು ಅಚ್ಚನ್ನು ತೆಗೆದು ಹತ್ತಿರದ ಸಂಗ್ರಹಾಲಯದ ಮೇಜಿನ ಮೇಲಿಡುವುದು ದೊಡ್ಡ ಕೆಲಸವಲ್ಲ. ಅಲ್ಲಿಗೆ ಅಂಧ ಹುಡುಗಿಯೊಬ್ಬಳು ಬಂದು ಸೊಂಡಿಲಿನಿಂದ ಬಾಲದವರೆಗೆ ಅವಸರವಿಲ್ಲದೆ ಬೆರಳಾಡಿಸಲಿ. ಆಮೇಲೆ ಮಣ್ಣು ತೆಗೆದುಕೊಂಡು ತನ್ನ ಆನೆಯನ್ನು ತಾನು ಮಾಡಲಿ. ಆ ಆನೆಯನ್ನು ಸುಟ್ಟು ಗಟ್ಟಿಮಾಡಿ, ಅವಳ ಹೆಸರು ಬರೆದು, ಊರಿನ ದಾಖಲೆಗಳ ಜೊತೆಯಲ್ಲಿ ಇಟ್ಟರೆ, ಅಂಧಗಜನ್ಯಾಯವೆಂಬ ಹಳೆಯ ಮಾತನ್ನು ನಾವು ಹೊಸ ಅರ್ಥದಲ್ಲಿ ಬಳಸುವ ಕಾಲ ಬಂದೀತು.